ಮುಯ್ಯಾಳು ಕದ್ದವಳು

ಚಳ್ಳಕೆರೆಯಲ್ಲಿ ಸಾಫ್ಟ್‌ವೇರ್ ಕಂಪನಿ ಎಂದರೆ ನಗಬೇಡಿ. ಎರಡಿದ್ದವು. ಎರಡೂ ಒಂದೇ ಬೀದಿಯಲ್ಲಿ, ಎದುರುಬದುರು. ಒಂದರ ಕೆಳಗೆ ಬಿತ್ತನೆ ಬೀಜದ ಅಂಗಡಿ, ಇನ್ನೊಂದರ ಕೆಳಗೆ ಮೋಟಾರು ವೈಂಡಿಂಗ್ ಅಂಗಡಿ. ಬೀಜದಂಗಡಿಯ ಮಹಡಿಯಲ್ಲಿದ್ದದ್ದು ಎರ್ರಿಸ್ವಾಮಿಯ ‘ಎರ್ರಿ ಗ್ಲೋಬಲ್ ಸೊಲ್ಯೂಷನ್ಸ್’. ಗ್ಲೋಬಲ್ ಅಂದರೆ ಹಿರಿಯೂರಿನಿಂದ ರಾಂಪುರದವರೆಗೆ. ವೈಂಡಿಂಗ್ ಅಂಗಡಿಯ ಮಹಡಿಯಲ್ಲಿದ್ದದ್ದು ಅವನ ಸೋದರತ್ತೆಯ ಮಗ ಚಿರಂಜೀವಿಯ ‘ಚಿರು ಇನ್ಫೋಟೆಕ್’. ಇಬ್ಬರೂ ಮೊದಲು ಒಟ್ಟಿಗೇ ಇದ್ದವರು. ಎಣ್ಣೆ ಮಿಲ್ಲುಗಳಿಗೆ ಬಿಲ್ಲು ಹಾಕುವ ಸಾಫ್ಟ್‌ವೇರನ್ನು ಎಲ್ಲೋ ಯಾರೋ ಮಾಡಿದ್ದು ತಂದು, ಅವರ ಹೆಸರು ಅಳಿಸಿ, ತಮ್ಮ ಹೆಸರು ಅಂಟಿಸಿ ಮಾರಿದವರು. ಅಂಟಿಸುವಾಗ ಯಾರ ಹೆಸರು ಮೇಲೆ ಬರಬೇಕು ಎಂಬ ಜಗಳದಲ್ಲಿ ಬೇರೆಯಾದರು. ಅಲ್ಲಿಂದಾಚೆಗೆ ಒಬ್ಬರನ್ನೊಬ್ಬರು ಕಳ್ಳ ಎಂದು ಬಯ್ಯುವುದೇ ಇಬ್ಬರ ಮುಖ್ಯ ಕಸುಬಾಯಿತು. ಬಿಡುವಾದಾಗ ಸಾಫ್ಟ್‌ವೇರ್ ಮಾಡುತ್ತಿದ್ದರು.

ಆದರೆ ಇದು ಅವರ ಕತೆಯಲ್ಲ, ಅಷ್ಟು ದೊಡ್ಡಸ್ತಿಕೆ ಅವರಿಗೆ ಬೇಡ. ಇದು ಶಾಂತಕುಮಾರಿಯ ಕತೆ.

ಶಾಂತಕುಮಾರಿ ರಾಂಪುರದವಳು. ಅಪ್ಪ ಪೆದ್ದಣ್ಣ ಇನ್ನೊಬ್ಬರ ಟ್ರ್ಯಾಕ್ಟರ್ ಓಡಿಸುತ್ತಾನೆ, ಅವ್ವ ಚಿಕ್ಕಕ್ಕ ಹೊಲದ ಕೂಲಿಗೆ ಹೋಗುತ್ತಾಳೆ. ಹೆಸರಿಟ್ಟವರು ಸ್ವಲ್ಪ ಕಾದು ನೋಡಿ ಇಟ್ಟಿದ್ದರೆ ಶಾಂತ ಎಂಬುದನ್ನು ಖಂಡಿತ ಬಿಡುತ್ತಿದ್ದರು. ಮೂಗಿನ ತುದಿಯಲ್ಲೇ ಸಿಟ್ಟು. ಕಂಪ್ಯೂಟರ್ ಡಿಗ್ರಿ ಮಾಡಿ, ಚಳ್ಳಕೆರೆಯಲ್ಲೇ ಒಂದು ಬಾಡಿಗೆ ರೂಮು ಹಿಡಿದು, ಎರ್ರಿಸ್ವಾಮಿಯ ಬಳಿ ಕೆಲಸಕ್ಕೆ ಸೇರಿ ವರ್ಷಗಳೇ ಆಗಿದ್ದವು. ಶನಿವಾರ ಸಂಜೆ ಬಳ್ಳಾರಿ ಕಡೆಯ ಬಸ್ಸು ಹತ್ತಿ ಊರಿಗೆ ಹೋಗುವುದು, ಸೋಮವಾರ ಬೆಳಿಗ್ಗೆ ವಾಪಸು ಬರುವುದು. ಕೋಡು ಬರೆಯುವವಳು ಅವಳೇ, ಫೋನು ಎತ್ತುವವಳು ಅವಳೇ, ಬಿಲ್ಲು ಬರಲಿಲ್ಲ ಎಂದು ಮಿಲ್ಲಿನ ಸಾಹುಕಾರರು ಕೂಗಾಡಿದರೆ ಬಯ್ಯಿಸಿಕೊಳ್ಳುವವಳೂ ಅವಳೇ. ಎರ್ರಿಸ್ವಾಮಿ ತಿರುಗುವ ಕುರ್ಚಿಯಲ್ಲಿ ತಿರುಗುತ್ತಿದ್ದ.

ಒಂದು ಮಾತು ಮಾತ್ರ ಹೇಳಬೇಕು. ಪೇಟೆಯ ಅರ್ಧ ಮಿಲ್ಲುಗಳ ಪಾಸ್‌ವರ್ಡು ಶಾಂತಕುಮಾರಿಯ ನಾಲಿಗೆಯ ಮೇಲಿತ್ತು. ಸ್ವಂತ ಅಳಿಯನಿಗೆ ಗಲ್ಲಾಪೆಟ್ಟಿಗೆಯ ಬೀಗದಕೈ ಕೊಡದ ಸಾಹುಕಾರರು ಇವಳಿಗೆ, "ನೀನೇ ಏನಾದ್ರೂ ಇಟ್ಕಳವ್ವ, ನಮಗೆ ನೆನಪಿರಲ್ಲ" ಎಂದು ಬಿಟ್ಟುಕೊಟ್ಟಿದ್ದರು. ಅವಳಿಗೆ ಹೊಲವಿಲ್ಲ, ಮನೆಯಿಲ್ಲ, ಪೇಟೆಯಲ್ಲಿ ಹಿಂದೆ ಮುಂದೆ ಯಾರೂ ಇಲ್ಲ. ಇದ್ದದ್ದು ಆ ನಂಬಿಕೆಯೊಂದೇ. ಅದು ಅವಳಿಗೂ ಗೊತ್ತಿತ್ತು, ಅದರ ಮೇಲೆ ಅವಳಿಗೆ ಹೆಮ್ಮೆಯೂ ಇತ್ತು.

ಹೋದ ವರ್ಷ ಬೇಸಿಗೆಯಲ್ಲಿ ಒಂದು ದಿನ ಅವಳು ಆಫೀಸಿನಲ್ಲಿ ಕೂತು ಅವ್ವನ ಜೊತೆ ಫೋನಿನಲ್ಲಿ ಮಾತಾಡುತ್ತಿದ್ದಳು. ಚಿಕ್ಕಕ್ಕನಿಗೆ ಊರಿನ ರಂಗಕ್ಕನ ಮೇಲೆ ಕೋಪ. ಮುಯ್ಯಿಗೆ ಬರಬೇಕಾದ ರಂಗಕ್ಕ ಕೈಕೊಟ್ಟಿದ್ದಳು. ಇವತ್ತು ನಿನ್ನ ಹೊಲಕ್ಕೆ ನಾನು ಬರುತ್ತೇನೆ, ನಾಳೆ ನನ್ನ ಹೊಲಕ್ಕೆ ನೀನು ಬಾ, ಕೂಲಿಯ ಮಾತಿಲ್ಲ ಎಂಬುದೇ ಮುಯ್ಯಿ. ಹಾಗೆ ಬರುವವಳು ಮುಯ್ಯಾಳು. ಚಿಕ್ಕಕ್ಕನಿಗೆ ಸ್ವಂತ ಹೊಲವಿಲ್ಲದಿದ್ದರೂ ಆ ವರ್ಷ ಒಂದು ತುಂಡು ಗುತ್ತಿಗೆ ಹಿಡಿದಿದ್ದಳು.

"ಯಾರು ಯಾರಿಗೆ ಬರಬೇಕು ಅಂತ ಫೋನಲ್ಲೇ ಹಾಕಿಟ್ರೆ ಈ ಜಗಳವೇ ಇರಲ್ಲ ಬಿಡವ್ವ," ಎಂದಳು ಶಾಂತಕುಮಾರಿ.

ತಿರುಗುವ ಕುರ್ಚಿ ನಿಂತಿತು. ಮರುದಿನ ಬೆಳಿಗ್ಗೆ ಎರ್ರಿಸ್ವಾಮಿ ಬಂದವನೇ, "ನನ್ನ ತಲೇಲಿ ಒಂದು ಐಡಿಯಾ ಬಂದೈತೆ," ಎಂದ.

ಅವಳು ಬೆರಳು ತೋರಿಸಿ ಅದು ನನ್ನದು ಎನ್ನಲಿಲ್ಲ. ಮುಯ್ಯಿ ತನ್ನಪ್ಪನ ಸ್ವತ್ತೂ ಅಲ್ಲ, ಅವನಪ್ಪನ ಸ್ವತ್ತೂ ಅಲ್ಲ, ನೆಲ ಉತ್ತಾಗಿನಿಂದ ಇರುವಂಥದ್ದು ಎಂದು ಮನಸ್ಸಿನಲ್ಲೇ ನಕ್ಕು ಕೆಲಸಕ್ಕೆ ಕೂತಳು. ಎರ್ರಿಸ್ವಾಮಿ ಮಾತ್ರ ಆಪಿಗೆ ‘ಮುಯ್ಯಾಳು’ ಎಂದು ಹೆಸರಿಟ್ಟು, ಅದನ್ನು ತಾನೇ ಹೆತ್ತವನಂತೆ ಓಡಾಡತೊಡಗಿದ. ಎದುರಿನ ಕಿಟಕಿಗೆ ಕಾಣದಂತೆ ಮನೆಯಿಂದ ಹೂವಿನ ಬೆಡ್‌ಶೀಟು ತಂದು ಕಟ್ಟಿದ. ಒಳಗೆ ಬಂದವರೆಲ್ಲ ಬಾಗಿಲಲ್ಲಿಟ್ಟ ಡಬರಿಗೆ ಫೋನು ಹಾಕಬೇಕೆಂದು ಕಟ್ಟಪ್ಪಣೆ ಮಾಡಿದ. ಮುಯ್ಯಿ ಎಂಬ ಶಬ್ದವನ್ನೇ ಆಡಕೂಡದು, ‘ಅದು’ ಎನ್ನಬೇಕು. ಕರೆಂಟು ಬಿಲ್ಲಿನವನು ಬಂದರೂ ಅವನು ಚಿರಂಜೀವಿಯ ಕಡೆಯವನೇ ಎಂದು ಅನುಮಾನ. ಇಷ್ಟೆಲ್ಲ ಕಾವಲು ಕಾದ ಮಹಾನುಭಾವ ಮುಂದೆ ಮಾಡಿದ್ದೇನು ಎಂಬುದೇ ನೋಡುವಂಥದ್ದು.

ಆಪು ಜ್ಯೇಷ್ಠದಲ್ಲೇ ಸಿದ್ಧವಾಯಿತು. "ಈಗ್ಲೇ ಜನಕ್ಕೆ ಬಿಡೋಣ ಸಾರ್, ಬಿತ್ತನೆ ಶುರುವಾಗ್ತೈತೆ, ಆಮೇಲೆ ಕಳೆ," ಎಂದಳು ಶಾಂತಕುಮಾರಿ.

"ನಿನಗೆ ಬುದ್ಧಿ ಐತಾ? ಮುಂದೆ ಆಷಾಢ ಐತೆ. ಆಷಾಢದಾಗೆ ಯಾವನಾದ್ರೂ ಒಳ್ಳೆ ಕೆಲಸ ಶುರು ಮಾಡ್ತಾನಾ? ಶ್ರಾವಣಕ್ಕೆ ಮುಹೂರ್ತ ಇಡಿಸೀನಿ. ಪೂಜೆ, ಊಟ, ಎಲ್ಲಾ ಐತೆ."

ಪೂಜೆ ಊಟ ಎಂದ ಮೇಲೆ ಕರೆಯಬೇಕು. ಕರೆಯುವುದೆಂದರೆ ಫೋನಿನಲ್ಲಿ ಹೇಳಿ ಮುಗಿಸುವುದಲ್ಲ, ಮನೆಗೆ ಹೋಗಿ ಕುಂಕುಮವಿಟ್ಟು ಕರೆಯಬೇಕು. ಅದರಲ್ಲೂ ಮೊದಲ ಕರೆ ಅಪ್ಪನ ಅಕ್ಕನ ಮನೆಗೆ. ಅಪ್ಪನ ಅಕ್ಕ ಅಂದರೆ ನನ್ನಿವಾಳದ ಬೋರಕ್ಕ, ಅಂದರೆ ಚಿರಂಜೀವಿಯ ತಾಯಿ. ಬೀದಿಯಲ್ಲಿ ಚಿರಂಜೀವಿಯ ಮುಖ ಕಂಡರೆ ಉಗುಳಿ ಹೋಗುವ ಎರ್ರಿಸ್ವಾಮಿ ಅವನ ಮನೆಯ ಬಾಗಿಲಿಗೆ ಹಣ್ಣು ಕಾಯಿ ಹಿಡಿದು ಹೋದ. ಅತ್ತೆಯನ್ನು ಬಿಟ್ಟು ಶುಭಕಾರ್ಯ ಮಾಡಿದರೆ ನಂಟರು ಏನೆಂದಾರು? ಜೊತೆಗೆ ತಂಗಿ ಪವಿತ್ರಳನ್ನು ಚಿರಂಜೀವಿಗೇ ಕೊಡಬೇಕೆಂದು ಹಿರಿಯರು ಅವಳು ತೊಟ್ಟಿಲಲ್ಲಿದ್ದಾಗಲೇ ಆಡಿಕೊಂಡಿದ್ದರು. ವ್ಯಾಪಾರದ ಹಗೆ ಪೇಟೆಯಲ್ಲಿ, ನಂಟು ಮನೆಯಲ್ಲಿ ಎಂಬುದು ಆ ಮಂದಿಯ ಲೆಕ್ಕ. ಆಪನ್ನು ಫೋನಿನಲ್ಲಿ ತೋರಿಸಲು ಯಾರಾದರೂ ಬೇಕೆಂದು ಶಾಂತಕುಮಾರಿಯನ್ನೂ ಕಾರಿನಲ್ಲಿ ಕೂರಿಸಿಕೊಂಡು ಹೋದ.

ಬೋರಕ್ಕ ಕೂರಿಸಿ ಒಗ್ಗರಣೆ ಮಂಡಕ್ಕಿ ಕೊಟ್ಟು, "ಏನಪ್ಪಾ ಕಾರ್ಯ? ಮನೆ ಕಟ್ಟಿಸಿದ್ಯಾ?" ಎಂದಳು. ಅಷ್ಟೇ ಸಾಕಾಯಿತು. ಎರ್ರಿಸ್ವಾಮಿಗೆ ಬಾಯಿ ತುರಿಸುತ್ತಿತ್ತು. ಬೇಸಿಗೆಯೆಲ್ಲ ‘ಅದು’ ಎಂದೇ ಕರೆದು ಕರೆದು ಹೊಟ್ಟೆ ಉಬ್ಬಿಹೋಗಿತ್ತು. ಮುಯ್ಯಿ ಹೇಗೆ ಹಾಕುವುದು, ಯಾರು ಯಾರಿಗೆ ಬಾಕಿ ಎಂದು ಹೇಗೆ ತೋರಿಸುತ್ತದೆ, ಓದು ಬಾರದವರಿಗೆ ಮಾತಿನಲ್ಲೇ ಹೇಗೆ ಹೇಳುತ್ತದೆ, ಒಂದೊಂದನ್ನೂ ಬಿಡಿಸಿ ಬಿಡಿಸಿ ಹೇಳಿದ. ಪಕ್ಕದ ಮಂಚದ ಮೇಲೆ ಚಿರಂಜೀವಿ ಮಲಗಿ ಫೋನು ನೋಡುತ್ತಿದ್ದ. ನೋಡುತ್ತಿದ್ದ ಎಂದರೆ ಕಣ್ಣು ಫೋನಿನ ಮೇಲಿತ್ತು, ಬೆರಳು ಆಡುತ್ತಿರಲಿಲ್ಲ.

ಶಾಂತಕುಮಾರಿ ಕೆಮ್ಮಿದಳು. ಮತ್ತೆ ಕೆಮ್ಮಿದಳು. "ಸಾರ್, ಹೊತ್ತಾಯ್ತು, ಇನ್ನೂ ಬೇರೆ ಮನೆಗಳಿಗೆ ಹೋಗ್ಬೇಕಲ್ಲ," ಎಂದಳು.

"ಸುಮ್ಕಿರಮ್ಮ ನೀನು. ಅತ್ತೆ ಮುಂದೆ ಏನು ಮುಚ್ಚುಮರೆ?" ಎಂದು ಗದರಿಸಿದ ಎರ್ರಿಸ್ವಾಮಿ, ಬಾಯಿಗೆ ಇನ್ನೊಂದು ಹಿಡಿ ಮಂಡಕ್ಕಿ ಹಾಕಿಕೊಂಡು ಉಳಿದದ್ದನ್ನೂ ಹೇಳಿ ಮುಗಿಸಿದ.

ಆಷಾಢ ಅರ್ಧ ಕಳೆಯುವಷ್ಟರಲ್ಲಿ ಎದುರು ಕಂಪನಿಯ ಮೇಲೆ ಫ್ಲೆಕ್ಸು ಬಿತ್ತು. ‘ಮುಯ್ಯಿಮಿತ್ರ, ರೈತರ ಕೈಗೆ ಹೊಸ ಕ್ರಾಂತಿ’. ಕೆಳಗೆ ಕೈಕಟ್ಟಿ ನಿಂತ ಚಿರಂಜೀವಿಯ ಫೋಟೊ, ಕಪ್ಪು ಕನ್ನಡಕ ಬೇರೆ. ಆಷಾಢ ಅವನನ್ನೇನೂ ಮಾಡಿರಲಿಲ್ಲ.

ಎರ್ರಿಸ್ವಾಮಿ ಮೊದಲು ವಕೀಲರ ಹತ್ತಿರ ಓಡಿದ. ಅವರು, "ಪೇಟೆಂಟು ಗೀಟೆಂಟು ಏನಾದ್ರೂ ಮಾಡಿಸಿದ್ರಾ?" ಎಂದು ಕೇಳಿದರು. "ಪೇಟೆಂಟ್ ಇಲ್ಲ ಸಾರ್, ಆದ್ರೆ ಮುಹೂರ್ತ ಇಡಿಸಿದ್ವಿ," ಎಂದ. ವಕೀಲರು ಕನ್ನಡಕ ತೆಗೆದು ಒರೆಸಿಕೊಂಡರು. ಅಲ್ಲಿ ಬೇಳೆ ಬೇಯಲಿಲ್ಲ.

ಈಗ ಯೋಚಿಸಿ. ಗುಟ್ಟು ಹೇಗೆ ಹೋಯಿತು ಎಂದರೆ ಅವನು ಏನು ಹೇಳಬೇಕು? ಅತ್ತೆ ಮನೆಯ ಮಂಡಕ್ಕಿ ತಿನ್ನುತ್ತಾ ನಾನೇ ಒದರಿದೆ ಎನ್ನಬೇಕು. ಅದಕ್ಕೆ ಗಂಡೆದೆ ಬೇಕು. ಚಿರಂಜೀವಿ ಕದ್ದು ಕೇಳಿಸಿಕೊಂಡ ಎಂದರೆ ತಂಗಿಯ ಮದುವೆ ಮುರಿಯುತ್ತದೆ. ನಿಜ ಹೇಳಬೇಕೆಂದರೆ, ಅತ್ತೆಗೆ ಹೇಳಿದ್ದು ಹೊರಗೆ ಹೇಳಿದ ಹಾಗೆಂದು ಅವನಿಗೆ ಅನ್ನಿಸಿಯೇ ಇರಲಿಲ್ಲ. ಅದು ಕರೆಯಲು ಹೋದದ್ದು. ಅಂದಮೇಲೆ ಹೊರಗಿನವರು ಯಾರೋ ಕದ್ದಿರಬೇಕು. ಹೊರಗಿನವರು ಅಂದರೆ ಹಿಂದೆ ಮುಂದೆ ಯಾರೂ ಇಲ್ಲದವರು.

ಮಾರುಕಟ್ಟೆ ಗೇಟಿನ ಪಕ್ಕದಲ್ಲಿ ಕಾಮಣ್ಣನ ಟೀ ಅಂಗಡಿ. ಹಮಾಲರು, ದಲ್ಲಾಳಿಗಳು, ಮಿಲ್ಲಿನ ಗುಮಾಸ್ತರು ಎಲ್ಲರೂ ಬೆಳಿಗ್ಗೆ ಅಲ್ಲೇ. ಶಾಂತಕುಮಾರಿ ಟೀ ಕುಡಿಯುತ್ತಿದ್ದಾಗ ಎರ್ರಿಸ್ವಾಮಿ ಅಲ್ಲಿಗೇ ಬಂದು, ಎಲ್ಲರ ಮುಂದೆ ನಿಂತು, "ಉಂಡ ಮನೆಗೆ ಎರಡು ಬಗೆದವಳು ಇವಳೇ ನೋಡ್ರಿ. ನನ್ನ ಐಡಿಯಾ ಕದ್ದು ಎದುರು ಕಂಪನಿಗೆ ಕೊಟ್ಟಾಳೆ. ಕಳ್ಳಿ," ಎಂದ. ಅವನ ಹತ್ತಿರ ಸಾಕ್ಷಿಯೂ ಇತ್ತು. ಚಿರಂಜೀವಿಯ ಬಳಿ ಕೆಲಸಕ್ಕಿದ್ದ ಮೊಳಕಾಲ್ಮೂರಿನ ಅಂಜನ್ ಎಂಬವನ ಜೊತೆ ಇವಳು ಶನಿವಾರದ ಬಸ್ಸಿನಲ್ಲಿ ಮಾತಾಡಿದ್ದನ್ನು ಯಾರೋ ನೋಡಿದ್ದರಂತೆ. ಮೊಳಕಾಲ್ಮೂರಿಗೂ ರಾಂಪುರಕ್ಕೂ ಹೋಗುವವರು ಇನ್ನು ಯಾವ ಬಸ್ಸಿಗೆ ಹೋಗಬೇಕೋ, ಅದನ್ನು ಯಾರೂ ಕೇಳಲಿಲ್ಲ.

"ಅತ್ತೆ ಮನೇಲಿ ನೀವೇ ಹೇಳಿದ್ರಲ್ಲ ಸಾರ್," ಎಂದಳು ಅವಳು.

"ನೋಡಿದ್ರಾ, ಈಗ ನಮ್ಮ ಮನೆತನಕ್ಕೇ ಗಂಟು ಹಾಕ್ತಾಳೆ," ಎಂದ ಎರ್ರಿಸ್ವಾಮಿ. ಅಂಗಡಿಯಲ್ಲಿದ್ದವರು ಲೋಟ ನೋಡುತ್ತಾ ಕೂತರು. ಕಾಮಣ್ಣ ಟೀ ಸೋಸುವುದರಲ್ಲಿ ಮುಳುಗಿದ್ದ, ಪುಣ್ಯಾತ್ಮ.

ಅವಳ ಕೆಲಸ ಹೋಯಿತು. ಕೆಲಸ ಹೋದದ್ದಕ್ಕೆ ಅವಳಿಗೆ ಅಷ್ಟು ದುಃಖವಾಗಲಿಲ್ಲ, ಅದೇನು ಮಹಾ ಕೆಲಸ. ಆದರೆ ಆ ವಾರವೇ ಮಿಲ್ಲಿನವರು ಒಬ್ಬೊಬ್ಬರಾಗಿ ಪಾಸ್‌ವರ್ಡು ಬದಲಾಯಿಸಿದರು. ಯಾರೂ ಬಯ್ಯಲಿಲ್ಲ. ಹೊಸದನ್ನು ಹೇಗೆ ಹಾಕುವುದೆಂದು ಗೊತ್ತಾಗದೆ ಒಬ್ಬ ಸಾಹುಕಾರರಂತೂ ಅವಳಿಗೇ ಫೋನು ಮಾಡಿ ಕೇಳಿದರು. ಅವಳು ಹೇಳಿಕೊಟ್ಟಳು. ಫೋನು ಇಟ್ಟ ಮೇಲೆ ರೂಮಿನ ಬಾಗಿಲು ಹಾಕಿಕೊಂಡು ಅತ್ತಳು. ಕೆಲಸ ಕೇಳಿಕೊಂಡು ಹೋದ ಕಡೆಯೆಲ್ಲ ಒಂದೇ ರಾಗ. "ನೀನು ಒಳ್ಳೇಳೇ ಕಣವ್ವ, ನಮಗೇನೂ ಇಲ್ಲ, ಆದ್ರೆ ಜನ ಏನಂತಾರೆ." ಆ ಜನ ಯಾರು, ಎಲ್ಲಿ ವಾಸವಾಗಿದ್ದಾರೆ ಎಂದು ಅವಳಿಗೆ ತಿಳಿಯಲಿಲ್ಲ, ಸಿಕ್ಕವರೆಲ್ಲ ಆ ಜನ ನಾವಲ್ಲ ಎನ್ನುವವರೇ.

ರೂಮು ಬಿಟ್ಟು ಊರಿಗೆ ಹೋದಳು. ವಾರದ ನಡುವೆ ಮಗಳು ಬಂದದ್ದು ಕಂಡು ಚಿಕ್ಕಕ್ಕ, "ಏಮೇ, ಇವತ್ತೇ ಬಂದ್ಬಿಟ್ಟೆ?" ಎಂದಳು. ಮಗಳು ಎಲ್ಲ ಹೇಳಿದಳು. ಚಿಕ್ಕಕ್ಕ ಮಗಳ ಕೈಯಿಂದ ಚೀಲ ಇಳಿಸಿಕೊಂಡು, "ನಾನು ಫೋನಲ್ಲಿ ಆ ರಂಗಕ್ಕನ ಮಾತು ಎತ್ತಬಾರದಿತ್ತು," ಎಂದಳು. ಮಗಳಿಗೆ ಇನ್ನಷ್ಟು ಸಂಕಟವಾಯಿತು. ಮರುದಿನದಿಂದ ಅವ್ವನ ಜೊತೆ ಕಳೆ ಕೀಳಲು ಹೋದಳು. ಮುಯ್ಯಾಳು ಕದ್ದವಳು ಈಗ ತಾನೇ ಮುಯ್ಯಾಳಾದಳು ಎಂದು ತನ್ನನ್ನು ತಾನೇ ಹಂಗಿಸಿಕೊಂಡಳು.

ಇತ್ತ ಆ ಎರಡು ಕಂಪನಿಗಳ ಕ್ರಾಂತಿ ಏನಾಯಿತು ಎಂದು ಕೇಳಬೇಡಿ. ಶ್ರಾವಣದಲ್ಲಿ ಎರ್ರಿಸ್ವಾಮಿಯೂ ತನ್ನದನ್ನು ಬಿಟ್ಟ, ‘ಮುಯ್ಯಾಳು ಗ್ಲೋಬಲ್’ ಎಂದು. ಊಟಕ್ಕೆ ಬಂದವರು ಉಂಡು ಹೋದರು. ಕಳೆ ಕೀಳುವ ಹೆಂಗಸರು ಮಣ್ಣು ಕೈಯಲ್ಲಿ ಫೋನು ತೆಗೆಯಲಿಲ್ಲ. ಅವನ ಆಪು ಇಟ್ಟುಕೊಂಡವರಲ್ಲಿ ಹೆಚ್ಚಿನವರು ಚಿರಂಜೀವಿಯ ಕಂಪನಿಯವರು, ಇವನದರಲ್ಲಿ ಏನಿದೆ ಎಂದು ನೋಡಲು. ಚಿರಂಜೀವಿಯದು ಇಟ್ಟುಕೊಂಡವರು ಎರ್ರಿಸ್ವಾಮಿಯ ಕಡೆಯವರು. ಇಂಥ ರತ್ನಕ್ಕೆ ಅವರು ಕಚ್ಚಾಡಿದ್ದು, ಇಂಥದ್ದಕ್ಕೆ ಒಬ್ಬಳ ಮಾನ ಕಳೆದದ್ದು.

ಇಬ್ಬರಿಗೂ ಉಸಿರು ಕಟ್ಟತೊಡಗಿದಾಗ ನಂಟಸ್ತಿಕೆ ನೆನಪಾಯಿತು. ಪವಿತ್ರಳ ಮದುವೆ ನಿಶ್ಚಯ ಮಾಡೋಣ, ಎರಡು ಕಂಪನಿ ಒಂದು ಮಾಡೋಣ ಎಂದು ಹಿರಿಯರು ನನ್ನಿವಾಳದ ಬೋರಕ್ಕನ ಮನೆಯಲ್ಲಿ ಸೇರುವುದೆಂದಾಯಿತು. ಕಳ್ಳತನದ ಮಾತಿಗೂ ಪರಿಹಾರ ಸಿದ್ಧವಿತ್ತು. ಎರ್ರಿಸ್ವಾಮಿ ಕದ್ದಿಲ್ಲ, ಚಿರಂಜೀವಿಯೂ ಕದ್ದಿಲ್ಲ, ಎಲ್ಲ ಆ ರಾಂಪುರದ ಹುಡುಗಿಯದು. ಇದು ಪವಿತ್ರಳ ಕಿವಿಗೂ ಬಿತ್ತು. ಅಣ್ಣನ ಆಫೀಸಿಗೆ ಬಂದಾಗಲೆಲ್ಲ ಶಾಂತಕುಮಾರಿಯ ಬಳಿ ಕೂತು ಕಂಪ್ಯೂಟರ್ ಕಲಿತವಳು ಅವಳು. ಫೋನು ಮಾಡಿ, "ಅಕ್ಕಾ, ಭಾನುವಾರ ಅತ್ತೆ ಮನೆಗೆ ಬರ್ತೀಯಾ? ತಪ್ಪು ಅಣ್ಣಂದು ಅಂತ ನನ್ನ ಬಾಯಿಂದ ನಾನು ಹೇಳಂಗಿಲ್ಲ," ಎಂದಳು.

ಶಾಂತಕುಮಾರಿ ಬಂದಳು. ಕರೆಯದ ಮನೆಗೆ ಚಳ್ಳಕೆರೆಯಿಂದ ಆಟೊ ಮಾಡಿಕೊಂಡು ಬಂದಳು. ಪಡಸಾಲೆಯ ತುಂಬ ಜನ, ನಡುವೆ ತಾಂಬೂಲದ ತಟ್ಟೆ. ಅವಳನ್ನು ಕಂಡು ಎರ್ರಿಸ್ವಾಮಿಯ ಮುಖ ಹುಳ್ಳಗಾಯಿತು. ಅವಳು ಅವನತ್ತ ನೋಡಲೂ ಇಲ್ಲ. ನೇರ ಬೋರಕ್ಕನ ಮುಂದೆ ಹೋಗಿ ಕೂತಳು.

"ಅಜ್ಜೀ, ನನ್ನ ಗುರುತು ಸಿಕ್ತಾ? ಜ್ಯೇಷ್ಠದಾಗೆ ಸಾರ್ ಕರೆಯೋಕೆ ಬಂದಾಗ ಜೊತೆಗೆ ಬಂದಿದ್ದೆ."

"ಸಿಗದೆ ಏನು? ನೀನು ಮಂಡಕ್ಕಿ ಮುಟ್ಲೇ ಇಲ್ಲ."

"ಆವತ್ತು ಸಾರ್ ನಿಮಗೆ ಏನು ಹೇಳಿದ್ರು, ಸ್ವಲ್ಪ ಹೇಳ್ರಿ."

ಬೋರಕ್ಕನಿಗೆ ಪೇಟೆಯ ಜಗಳದ ತಲೆಬುಡ ಗೊತ್ತಿರಲಿಲ್ಲ. ಕೇಳಿದ್ದಕ್ಕೆ ಹೇಳಿದಳು. "ಅದೇ ಮುಯ್ಯಾಳಿನ ಫೋನು. ಯಾರು ಬರಬೇಕು, ಯಾರು ಬಂದಿಲ್ಲ, ಅದೇ ಬಾಯಿ ಬಿಟ್ಟು ಹೇಳ್ತೈತೆ ಅಂತ ಎಷ್ಟೊತ್ತು ಹೇಳ್ದ. ನಮ್ಮ ಚಿರಂಜೀವೀನೂ ಮಂಚದ ಮ್ಯಾಲೆ ಇದ್ನಲ್ಲ. ನೀನು ಪಾಪ ಕೆಮ್ಮಿ ಕೆಮ್ಮಿ ಸಾಕಾದೆ, ನಾನು ಹುಡುಗಿಗೆ ನೆಗಡಿ ಅಂದ್ಕಂಡೆ. ಇವ್ನು ನಿನ್ನನ್ನೇ ಗದರಿದ."

ಚಿರಂಜೀವಿ ಮತ್ತೆ ಫೋನು ನೋಡತೊಡಗಿದ, ಅವನಿಗೆ ಗೊತ್ತಿದ್ದ ವಿದ್ಯೆ ಅದೊಂದೇ. ಎರ್ರಿಸ್ವಾಮಿ ಗಂಟಲು ಸರಿಮಾಡಿಕೊಂಡು ನಕ್ಕ.

"ಹೋಗ್ಲಿ ಬಿಡು ಶಾಂತಾ. ಏನೋ ಬಿಸೀಲಿ ಅಂದುಬಿಟ್ಟೆ, ತಪ್ಪಾಯ್ತು. ಸೋಮವಾರದಿಂದ ಕೆಲಸಕ್ಕೆ ಬಾ."

"ಈಗ ಕಂಪನಿ ಒಂದೇ ಅಲ್ವಾ, ಸಂಬಳಾನೂ ನೋಡೋಣ," ಎಂದು ಚಿರಂಜೀವಿ ಫೋನಿನಿಂದ ತಲೆಯೆತ್ತದೆ ಉದಾರಿಯಾದ.

ಶಾಂತಕುಮಾರಿ ಎದ್ದು ನಿಂತಳು. "ಕಳ್ಳಿ ಅಂತ ಮಾರ್ಕೆಟ್ ಗೇಟಲ್ಲಿ ಅಂದ್ರಿ. ತಪ್ಪಾಯ್ತು ಅಂತ ಪಡಸಾಲೇಲಿ ಅಂತೀರಾ?"

ಒಬ್ಬ ಹಿರಿಯರು, ಶುಭಕಾರ್ಯದ ಹೊತ್ತಿನಲ್ಲಿ ಇದೆಲ್ಲ ಬೇಡವಮ್ಮ ಎಂದು ಶುರುಮಾಡಿದರು. ಬೋರಕ್ಕ ಕೈ ಎತ್ತಿ ಅವರನ್ನು ನಿಲ್ಲಿಸಿದಳು. ಅವಳಿಗೆ ಈಗ ಎಲ್ಲ ಅರ್ಥವಾಗಿತ್ತು. ತಾಂಬೂಲದ ತಟ್ಟೆಯನ್ನು ತನ್ನ ಕಡೆಗೆ ಎಳೆದುಕೊಂಡು, "ನನ್ನ ಮನೇಲಿ ಆಡಿದ ಮಾತಿಗೆ ಇನ್ನೊಬ್ಬರ ಮಗಳು ಕಳ್ಳಿ ಆದ್ಲಾ? ಎಲ್ಲಿ ಅಂದ್ಯೋ ಅಲ್ಲೇ ಹೋಗಿ ನುಂಗಿ ಬಾ ಎರ್ರಿಸ್ವಾಮಿ. ಆಮ್ಯಾಲೆ ತಾಂಬೂಲ ಬದಲಾಯಿಸ್ತೀನಿ," ಎಂದಳು. ಬಾಗಿಲ ಮರೆಯಲ್ಲಿ ನಿಂತಿದ್ದ ಪವಿತ್ರ ಕೆಳಗೆ ನೋಡಿ ನಕ್ಕಳು.

ಮರುದಿನ ಬೆಳಿಗ್ಗೆ ಕಾಮಣ್ಣನ ಅಂಗಡಿ ತುಂಬಿತ್ತು. ಹೊಸ ಶೇಂಗಾ ಬರುವ ಕಾಲ, ಗೇಟಿನಲ್ಲಿ ಲಾರಿಗಳ ಸಾಲು. ಶಾಂತಕುಮಾರಿ ಮೊದಲ ಬಸ್ಸಿಗೇ ಬಂದು ಒಂದು ಪಕ್ಕಕ್ಕೆ ನಿಂತಿದ್ದಳು. ಎರ್ರಿಸ್ವಾಮಿ ಬಂದ, ಟೀ ಹೇಳಿದ, ಲೋಟಕ್ಕೆ ಹೇಳುವವನಂತೆ ಏನೋ ಗೊಣಗಿದ.

"ಏನಂದ್ರಿ ಎರ್ರಿಸ್ವಾಮಣ್ಣ? ಲಾರಿ ಸದ್ದಿಗೆ ಕೇಳಿಸ್ಲಿಲ್ಲ," ಎಂದ ಕಾಮಣ್ಣ.

ಎರ್ರಿಸ್ವಾಮಿ ಮತ್ತೆ ಹೇಳಿದ. ಹಿಂದಿನ ಬೆಂಚಿನ ಹಮಾಲರು, "ಜೋರಾಗಿ ಹೇಳ್ರಿ, ಆವತ್ತು ಜೋರಾಗೇ ಅಂದಿದ್ರಲ್ಲ," ಎಂದರು. ಕಡೆಗೆ ಅವನು ಕೂಗಿಯೇ ಹೇಳಬೇಕಾಯಿತು. "ಶಾಂತಕುಮಾರಿ ಏನೂ ಕದ್ದಿಲ್ಲ. ಅತ್ತೆ ಮನೇಲಿ ನಾನೇ ಹೇಳಿದ್ದು. ಸುಳ್ಳು ನಂದು." ಹೇಳಿದವನೇ ಟೀ ಬಿಟ್ಟು ಹೊರಟುಹೋದ. ಅಂಗಡಿಯವರೆಲ್ಲ ಹೊಟ್ಟೆ ತುಂಬ ನಕ್ಕರು.

ಶಾಂತಕುಮಾರಿಗೂ ನಗು ಬಂತು. ಇಷ್ಟು ದಿನ ಎದೆಯ ಮೇಲೆ ಕೂತಿದ್ದದ್ದು ಇಳಿದಂತಾಗಿ, ಹೋಗಿ ಬೆಂಚಿನ ಮೇಲೆ ಕೂತಳು. ಕಾಮಣ್ಣ ಅವಳ ಮುಂದೆ ಬಿಸಿ ಟೀ ಇಟ್ಟು, ಹೆಗಲ ಟವಲಿನಲ್ಲಿ ಕೈ ಒರೆಸಿಕೊಳ್ಳುತ್ತಾ ಅಕ್ಕರೆಯಿಂದ ಹೇಳಿದ. "ಅವ್ನು ಹೇಳ್ಬೇಕಾಗೇ ಇರ್ಲಿಲ್ಲ ಬಿಡವ್ವ. ನೀನು ಕದ್ದಿಲ್ಲ ಅಂತ ನಮಗೆ ಆವತ್ತೇ ಗೊತ್ತಿತ್ತು."

"ಹೂಂ ಮತ್ತೆ, ಎಲ್ಲರಿಗೂ ಗೊತ್ತಿದ್ದಿದ್ದೇ," ಎಂದರು ಬೆಂಚಿನವರು. ಪಾಸ್‌ವರ್ಡು ಬದಲಾಯಿಸಿದ ಮಿಲ್ಲಿನ ಗುಮಾಸ್ತರೂ ತಲೆಯಾಡಿಸಿದರು.

ಅವಳು ಲೋಟ ಮುಟ್ಟಲಿಲ್ಲ. ಒಬ್ಬೊಬ್ಬರ ಮುಖವನ್ನೂ ನೋಡಿದಳು. "ಎರ್ರಿಸ್ವಾಮಿ ಸಾರ್‌ಗೆ ಭಯ ಇತ್ತು, ತಂಗಿ ಮದುವೆ ಮುರಿತೈತೆ ಅಂತ, ಅದಕ್ಕೆ ಸುಳ್ಳು ಹೇಳಿದ್ರು," ಎಂದಳು. "ನಿಮ್ಮದು ಏನು ಮುರೀತಿತ್ತು ಕಾಮಣ್ಣ?"

ಕಾಮಣ್ಣ ಸೋಸುವ ಬಟ್ಟೆ ಕೈಗೆತ್ತಿಕೊಂಡ. ಅವಳು ಎದ್ದು ಬಸ್‌ಸ್ಟ್ಯಾಂಡಿನ ಕಡೆಗೆ ನಡೆದಳು.